ಮನೆಯಲ್ಲೇ ಬಡಿದ ಕಂಪ್ಯೂಟರ್

ರಾಣೆಬೆನ್ನೂರಿನ ನೀಲಾಂಬಿಕಾ ಮನೆಯಲ್ಲೇ ಕೂತು ಮದುವೆ ಪತ್ರಿಕೆ ಅಚ್ಚಿಗೆ ಸಿದ್ಧಪಡಿಸುವ ಕೆಲಸ ಹಿಡಿದಿದ್ದಳು. ಅದಕ್ಕೆಂದು ಬಿಡಿಭಾಗಗಳನ್ನು ತರಿಸಿ, ಬುತ್ತಿ ಡಬ್ಬಿಯಷ್ಟು ಪುಟ್ಟದೊಂದು ಕಂಪ್ಯೂಟರನ್ನು ತಾನೇ ಜೋಡಿಸತೊಡಗಿದಳು. ಅವಳ ಮಾವ ಚನ್ನವೀರಪ್ಪ ನಿವೃತ್ತ ಸ್ಟೇಷನ್ ಮಾಸ್ತರರು. ಬಾಗಿಲಲ್ಲಿ ನಿಂತೇ ಅಪ್ಪಣೆ ಕೊಟ್ಟರು.

"ಮಷೀನಂದ್ರ ರೊಟ್ಟಿ ಏನು, ಮನ್ಯಾಗ ಬಡಿಯಾಕ? ವಾಪಸ್ ಕಳಿಸು. ಕಂಪನೀದ ತರಸೂಣು."

ವಾದಿಸಿದರೆ ಕೆಲಸವೇ ನಿಲ್ಲುತ್ತಿತ್ತು. ನೀಲಾಂಬಿಕಾ ತುಸು ಯೋಚಿಸಿ, ಬೆರಳುದ್ದದ ಮೆಮೊರಿ ಚಿಪ್ಪಿನ ಪಟ್ಟಿಯೊಂದನ್ನು ಅವರ ಮುಂದೆ ಹಿಡಿದಳು.

"ಆತ್ರಿ ಮಾವಾರ. ಅದಕ್ಕೂ ಮೊದಲ ಇದೊಂದು ಕೂಡಿಸಿ ಕೊಡ್ರಿ. ನನಗ ಧೈರ್ಯ ಸಾಲವಲ್ದು."

ಅಂಥದ್ದೇ ಇನ್ನೊಂದು ಪಟ್ಟಿಯನ್ನು ಅವಳು ಆಗಲೇ ಕೂರಿಸಿಯಾಗಿತ್ತು. ಆ ಮಾತು ಎತ್ತಲಿಲ್ಲ.

ನಿವೃತ್ತರಾದ ಮೇಲೆ ಚನ್ನವೀರಪ್ಪನವರನ್ನು ಯಾರೂ ಯಾವ ಕೆಲಸಕ್ಕೂ ಕರೆದಿರಲಿಲ್ಲ. ಕನ್ನಡಕ ಒರೆಸಿಕೊಂಡು ಕೂತರು. ಪಟ್ಟಿಯನ್ನು ನೇರವಾಗಿಟ್ಟು ಮೆಲ್ಲಗೆ ಒತ್ತಿದರು. ಅದು ಟಕ್ಕೆಂದು ಕೂತಿತು. ಅವರ ಅರಳಿದ ಮುಖ ಕಂಡು ನೀಲಾಂಬಿಕಾಳಿಗೆ ತನ್ನ ಉಪಾಯ ಮರೆತೇಹೋಯಿತು. ಕಂಪ್ಯೂಟರ್ ತಂಪಾಗಿಡುವ ಪುಟ್ಟ ಫ್ಯಾನನ್ನೂ ಅವರ ಕೈಗೇ ಕೊಟ್ಟಳು.

ಸಂಜೆ ಪಕ್ಕದ ಮನೆಯ ಕೊಟ್ರೇಶಪ್ಪ ಬಂದರು. ಬೆಳಗುತ್ತಿದ್ದ ಪರದೆ ನೋಡಿ, "ಯಾವ ಕಂಪನೀದ್ರಿ ಇದು?" ಎಂದರು.

ನೀಲಾಂಬಿಕಾ ಮಾವನ ಕಡೆ ನೋಡಿದಳು.

"ನಾವ ಕೂಡಿಸಿದ್ದು," ಎಂದರು ಚನ್ನವೀರಪ್ಪ. "ಕಂಪನ್ಯಾಗ ಇಷ್ಟು ಜ್ವಾಕೀಲೆ ಯಾರು ಮಾಡ್ತಾರ?"