ಬೀಸುವ ಕಲ್ಲಿಗೆ ಕೂತ ಡೊಳ್ಳುಹೊಟ್ಟೆ ದೆವ್ವ

ಒಂದಾನೊಂದು ಕಾಲದಲ್ಲಿ ಒಂದೂರಿತ್ತಂತೆ. ಊರಿನ ಹೆಸರು ನನಗೆ ಗೊತ್ತು, ಆದರೆ ಹೇಳುವುದಿಲ್ಲ. ಹೇಳಿದರೆ ಆ ಊರಿನವರು ಬಂದು ನನ್ನ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ಆ ಊರಿನ ಕೆರೆ ಏರಿಯ ಮೇಲೆ ಒಂದು ಹುಣಿಸೆಮರ, ಹುಣಿಸೆಮರದ ಮೇಲೆ ಒಂದು ದೆವ್ವ. ಹೆಸರು ದುಗ್ಗಣ್ಣ. ದೆವ್ವಕ್ಕೂ ಹೆಸರಿರುತ್ತಾ ಅಂತ ಕೇಳಬೇಡಿ. ಹೆಸರಿಲ್ಲದಿದ್ದರೆ ಬೈಯುವುದು ಹೇಗೆ?

ಈ ದುಗ್ಗಣ್ಣ ಮೊದಲು ಕಡ್ಡಿಯ ಹಾಗೆ ಇದ್ದನಂತೆ. ಮಟಮಟ ಮಧ್ಯಾಹ್ನ ಯಾರಾದರೂ ಒಬ್ಬರೇ ಮರದ ಕೆಳಗೆ ಬಂದರೆ ಮೇಲಿನಿಂದ ಧುಮುಕಿ 'ಹೂಂ' ಅನ್ನುತ್ತಿದ್ದ. ಅವರಿಗೆ ಮೂರು ದಿನ ಚಳಿಜ್ವರ. ನಾಲ್ಕನೇ ದಿನ ಮನೆಯವರು ಬಾಳೆಲೆ ತುಂಬ ಎಡೆ ತಂದಿಟ್ಟು, "ತಪ್ಪಾಯ್ತು ಕಣಪ್ಪ, ಬಿಟ್ಬಿಡು" ಅಂತ ಕೈಮುಗಿದು ಹೋಗುತ್ತಿದ್ದರು. ತಿಂಗಳಿಗೆ ಒಂದು ಎಡೆ, ಅಷ್ಟೇ ಅವನ ಊಟ.

ಆದರೆ ಆ ಊರಿನವರು ಬಲು ಬುದ್ಧಿವಂತರು. ಒಂದು ದಿನ ಅರಳಿಕಟ್ಟೆಯ ಮೇಲೆ ಕೂತು ಯೋಚನೆ ಮಾಡಿದರಂತೆ. "ಜ್ವರ ಬಂದ್ಮೇಲೆ ಎಡೆ ಇಡೋದ್ಯಾಕೆ? ಮೊದಲೇ ಇಟ್ಬಿಟ್ರೆ ಜ್ವರಾನೇ ಬರಲ್ವಲ್ಲ!" ಸರಿ, ಅವತ್ತಿನಿಂದ ಸರದಿ ಹಾಕಿಕೊಂಡರು. ಸೋಮವಾರ ಗೌಡರ ಮನೆ ಹೋಳಿಗೆ, ಮಂಗಳವಾರ ಕುಂಬಾರರ ಮನೆ ಕಡುಬು, ಬುಧವಾರ ಕುರುಬರ ಮನೆ ಬಾಡಿನ ಸಾರು. ದುಗ್ಗಣ್ಣನಿಗೆ ಹೆದರಿಸುವ ಕೆಲಸವೇ ಇಲ್ಲವಾಯಿತು. ತಿಂದ, ಮಲಗಿದ. ಎದ್ದ, ತಿಂದ, ಮತ್ತೆ ಮಲಗಿದ. ಒಂದು ವರ್ಷಕ್ಕೆ ಹೊಟ್ಟೆ ಮಡಕೆಯಾಯಿತು, ಎರಡು ವರ್ಷಕ್ಕೆ ಗುಡಾಣವಾಯಿತು, ಮೂರು ವರ್ಷಕ್ಕೆ ಕಣಜವಾಯಿತು.

ಮೂರನೇ ವರ್ಷದ ಒಂದು ಮಧ್ಯಾಹ್ನ ದುಗ್ಗಣ್ಣ ನಿದ್ದೆಯಲ್ಲಿ ಮಗ್ಗುಲು ಬದಲಾಯಿಸಿದ. ಕೊಂಬೆ ಲಟಕ್! ದುಗ್ಗಣ್ಣ ಧೊಪ್! ನೀರಿಗೆ ಬಂದಿದ್ದ ಹೆಂಗಸರು ಬಿಂದಿಗೆ ಇಳಿಸಿ ನೋಡಿದರು. ಹೆದರಬೇಕಾಗಿತ್ತು, ನಕ್ಕುಬಿಟ್ಟರು. ಮೊದಲು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು, ಆಮೇಲೆ ಸೆರಗು ಬಿಟ್ಟು ನಕ್ಕರು. ದೆವ್ವಕ್ಕೆ ಇದಕ್ಕಿಂತ ದೊಡ್ಡ ಅವಮಾನ ಬೇಕಾ? ಮತ್ತೆ ಹತ್ತಲು ಹೋದ. ಎರಡನೇ ಕೊಂಬೆಯೂ ಲಟಕ್. ಕೊನೆಗೆ ಹುಣಿಸೆಮರವೇ ಬಾಯಿಬಿಟ್ಟು, "ಮಾರಾಯ, ನನಗೂ ವಯಸ್ಸಾಯ್ತು, ನಿನ್ನ ಹೊರೋಕೆ ನನ್ನ ಕೈಲಾಗಲ್ಲ" ಅಂತ ಗೋಳಾಡಿತಂತೆ.

ಸುದ್ದಿ ಆಲದಮರದ ಹಿರೀದೆವ್ವದ ಕಿವಿಗೆ ಬಿತ್ತು. ದೆವ್ವಗಳಿಗೆಲ್ಲ ಅದೇ ಯಜಮಾನ. ಅದು ಬುಸುಗುಡುತ್ತಾ ಬಂತು.

"ಏನ್ಲಾ ದುಗ್ಗ, ನೆಲದ ಮೇಲೆ ಬಿದ್ಕೊಂಡಿದ್ದೀಯಂತೆ? ನೆಲ ಮನುಷ್ಯರಿಗೆ, ಮರ ನಮಗೆ. ಬರೋ ಅಮಾಸೆಗೆ ಇನ್ನೊಂದು ತಿಂಗಳೈತೆ. ಅಷ್ಟರೊಳಗೆ ಆ ತುದಿಕೊಂಬೆ ಮೇಲೆ ಕೂತು ತೋರಿಸು. ಆಗ್ಲಿಲ್ಲ ಅಂದ್ರೆ ಮರ ಬೇರೆಯವನಿಗೆ, ನೀನು ಜಾಲಿಗಿಡಕ್ಕೆ!"

ಜಾಲಿಗಿಡ ಅಂದರೆ ಗೊತ್ತಲ್ಲ, ಮೈತುಂಬ ಮುಳ್ಳು. ದುಗ್ಗಣ್ಣ ತನ್ನ ಕುಂಡಿಯನ್ನು ಒಂದು ಸಲ ಮುಟ್ಟಿ ನೋಡಿಕೊಂಡು ಗೊಳೋ ಅಂತ ಅತ್ತನಂತೆ.

ಬಾವಲಿ ಬಂದು, "ನನ್ನ ಹಾಗೆ ತಲೆಕೆಳಗಾಗಿರು, ಹೊಟ್ಟೆ ಕರಗುತ್ತೆ" ಅಂತು. ತಲೆಕೆಳಗಾದ. ಹೊಟ್ಟೆ ಜಾರಿ ಬಂದು ಮುಖ ಮುಚ್ಚಿಕೊಂಡಿತು, ಉಸಿರು ಕಟ್ಟಿ ಒದ್ದಾಡಿದ. ಹಾವು ಬಂದು, "ನನ್ನ ಹಾಗೆ ತಿಂಗಳುಗಟ್ಟಲೆ ಉಪವಾಸ ಇರು" ಅಂತು. ಸೋಮವಾರ ಬೆಳಿಗ್ಗೆ ಶುರುಮಾಡಿ ಮಧ್ಯಾಹ್ನದವರೆಗೂ ಇದ್ದ. ಅಷ್ಟರಲ್ಲಿ ಹೋಳಿಗೆ ಬಂತು. ಸೋಮವಾರ ಉಪವಾಸ ಹಿಡಿಯುವುದು ಅವನ ತಪ್ಪೇ, ಇರಲಿ. ಆಮೇಲೆ ನರಿ ಬಂದು, "ದಿನಾ ಗುಡ್ಡದವರೆಗೂ ಓಡು" ಅಂತು. ಓಡಿದ. ಆದರೆ ದೆವ್ವದ ಪಾದ ಹಿಂದುಮುಂದು ಅಲ್ಲವಾ? ಮುಖ ಗುಡ್ಡದ ಕಡೆ, ಓಟ ಊರಿನ ಕಡೆ! ಬೆನ್ನು ಮುಂದಾಗಿ ಓಡಿ ಓಡಿ, ಒಂದು ಗುಡಿಸಲ ಬಾಗಿಲಲ್ಲಿ ಗಟ್ಟಿಯಾಗಿ ಸಿಕ್ಕಿಕೊಂಡ.

ಅದು ದ್ಯಾವಜ್ಜಿಯ ಗುಡಿಸಲು. ಊರವರ ರಾಗಿ ಬೀಸಿಕೊಟ್ಟು ಬದುಕುತ್ತಿದ್ದ ಮುದುಕಿ.

"ಯಾರ್ಲಾ ಅದು, ಬೆಳಕಿಗೆ ಅಡ್ಡ ನಿಂತಿರೋನು?"

"ನಾನು ದೆವ್ವ! ಹೂಂ!"

"ಯಾವನಾದ್ರೂ ಆಗಿರು. ಒಳಗಾದ್ರೂ ಬಾ, ಹೊರಗಾದ್ರೂ ಹೋಗು."

"ಎರಡೂ ಆಗ್ತಿಲ್ಲ ಕಣಜ್ಜಿ" ಅಂತ ದುಗ್ಗಣ್ಣ ಬಿಕ್ಕಿದ.

ಅಜ್ಜಿ ಜುಟ್ಟು ಹಿಡಿದು ಒಳಗೆ ಎಳೆದುಕೊಂಡಳು. ಅವನು ಮರದ ಕಥೆ, ಜಾಲಿಗಿಡದ ಕಥೆ ಎಲ್ಲ ಹೇಳಿ ಮೂಗು ಸೀಟಿಕೊಂಡ. ಅಜ್ಜಿ ಅವನನ್ನು ನೋಡಿದಳು, ಬೀಸುವ ಕಲ್ಲನ್ನು ನೋಡಿದಳು. ಆ ಕಲ್ಲಿಗೆ ಎದುರುಬದುರು ಇಬ್ಬರು ಕೂತರೇ ಚೆಂದ. ನಲವತ್ತು ವರ್ಷ ಅಜ್ಜಿಯ ಎದುರು ಕೂತಿದ್ದ ಓರಗಿತ್ತಿ ಹೋದ ವರ್ಷ ತೀರಿಕೊಂಡಿದ್ದಳು. ಅವತ್ತಿನಿಂದ ಅಜ್ಜಿ ಒಬ್ಬಳೇ ಬೀಸುತ್ತಿದ್ದಳು. ಬೀಸುವಾಗ ಪದ ಹೇಳುವುದನ್ನೇ ಬಿಟ್ಟಿದ್ದಳು ಪಾಪ.

"ಕೂತ್ಕೋ. ಗೂಟ ಹಿಡಿ. ಒಂದು ತಿಂಗಳು ಬೀಸು. ಹೊಟ್ಟೆ ಇಳೀಲಿಲ್ಲ ಅಂದ್ರೆ ನನ್ನ ಹೆಸರು ದ್ಯಾವಿ ಅಲ್ಲ" ಅಂದಳು.

ಒಂದು ಸೇರು ಬೀಸಿದ, ಉಸ್ ಅಂದ. ಎರಡು ಸೇರು ಬೀಸಿದ, ಉಸ್ಸಪ್ಪಾ ಅಂದ. ಮೂರನೇ ಸೇರಿಗೆ ಕಲ್ಲಿನ ಪಕ್ಕದಲ್ಲೇ ಅಡ್ಡಬಿದ್ದ. ಅಜ್ಜಿ ಒಂದು ಮುದ್ದೆ, ಸೊಪ್ಪಿನ ಸಾರು ಮುಂದಿಟ್ಟಳು.

"ಹೋಳಿಗೆ ಇಲ್ವಾ ಅಜ್ಜಿ?"

"ಐತೆ, ಜಾಲಿಗಿಡದಾಗೆ. ಹೋಗ್ತೀಯಾ?"

ದುಗ್ಗಣ್ಣ ತೆಪ್ಪಗೆ ಮುದ್ದೆ ನುಂಗಿದ. ಅಜ್ಜಿ ಅಷ್ಟಕ್ಕೇ ಬಿಡಲಿಲ್ಲ. ಮನೆಮನೆಗೂ ಹೋಗಿ, "ಮರದ ಕೆಳಗೆ ಎಡೆ ಇಟ್ಟೋರ ಮನೆ ರಾಗಿ ನಾನು ಬೀಸಲ್ಲ" ಅಂತ ಹೇಳಿ ಬಂದಳು. ದೆವ್ವಕ್ಕಿಂತ ಅಜ್ಜಿಗೇ ಊರು ಹೆಚ್ಚು ಹೆದರುತ್ತಿತ್ತಂತೆ, ಎಡೆ ನಿಂತಿತು.

ಆರನೇ ದಿನವೋ ಏಳನೇ ದಿನವೋ, ಕಲ್ಲು ಒಂದೇ ಸಮನೆ ತಿರುಗುತ್ತಿದ್ದಾಗ, ಅಜ್ಜಿಗೆ ಅರಿವಿಲ್ಲದೆಯೇ ಬಾಯಲ್ಲಿ ಪದ ಬಂತು.

"ತಿರುಗವ್ವ ಕಲ್ಲೆ, ಸುರಿಯವ್ವ ಹಿಟ್ಟೆ..."

ದುಗ್ಗಣ್ಣ ಎಮ್ಮೆ ದನಿ ತೆಗೆದು ಸೇರಿಸಿದ.

"ಇಳಿಯಪ್ಪ ಬೇಗ, ನನ್ನ ಡೊಳ್ಳುಹೊಟ್ಟೆ..."

ಅಜ್ಜಿ ಕಲ್ಲು ನಿಲ್ಲಿಸಿ ನಕ್ಕಳು. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಈ ಸಲ ದುಗ್ಗಣ್ಣನಿಗೆ ಅವಮಾನ ಆಗಲಿಲ್ಲ, ಅವನೂ ನಕ್ಕ. ಆ ಗುಡಿಸಲಲ್ಲಿ ನಗು ಕೇಳಿ ವರ್ಷವಾಗಿತ್ತು. ಅವತ್ತಿನಿಂದ ದಿನಾ ಬೀಸಿದ್ದೇ ಬೀಸಿದ್ದು, ಹಾಡಿದ್ದೇ ಹಾಡಿದ್ದು. ಕೆರೆ ಹತ್ತಿರ ನಕ್ಕಿದ್ದ ಹೆಂಗಸರೂ ಮೊರ ಹಿಡಿದು ಬಂದು ಪಕ್ಕದಲ್ಲಿ ಕೂತು ರಾಗಿ ಕೇರತೊಡಗಿದರು. ದುಗ್ಗಣ್ಣನ ಕಣಜ ಗುಡಾಣವಾಯಿತು, ಗುಡಾಣ ಮಡಕೆಯಾಯಿತು, ಮಡಕೆ ಕುಡಿಕೆಯಾಗಿ, ಕುಡಿಕೆಯೂ ಕರಗಿ ಹೊಟ್ಟೆ ಹಲಗೆಯಾಯಿತು.

ಅಮಾವಾಸ್ಯೆ ಬಂತು. ಹಿರೀದೆವ್ವ ಗಂಟುಮೂಟೆ ಸಮೇತ ಒಂದು ಬಡಕಲು ದೆವ್ವವನ್ನೂ ಕರೆದುಕೊಂಡು ಬಂದಿತ್ತು. ಇಡೀ ಊರು ಏರಿ ಮೇಲೆ ನೆರೆದಿತ್ತು. ದುಗ್ಗಣ್ಣ ಹತ್ತಿದ. ಮೊದಲ ಕೊಂಬೆ, ಎರಡನೇ ಕೊಂಬೆ, ಮೂರನೇ ಕೊಂಬೆ, ತುದಿಕೊಂಬೆ! ಒಂದು ಎಲೆ ಉದುರಿತು, ಅಷ್ಟೇ. ಊರೆಲ್ಲ ಹೋ ಅಂತ ಕೂಗಿತು. ದ್ಯಾವಜ್ಜಿ ಎಲ್ಲರಿಗಿಂತ ಜೋರಾಗಿ ಕೂಗಿದಳು, ಆಮೇಲೆ ಯಾರಿಗೂ ಹೇಳದೆ ಮನೆಗೆ ಹೋದಳು.

"ಮರ ನಿನ್ನದೇ ಕಣ್ಲಾ. ಆದ್ರೆ ಇನ್ಮೇಲೆ ಮಧ್ಯಾಹ್ನದ ಹೊತ್ತು ಮರ ಬಿಟ್ಟು ಇಳಿದೆಯೋ, ಮರ ಹೋಯ್ತು ಅಂತ ತಿಳ್ಕೋ" ಅಂತು ಹಿರೀದೆವ್ವ. ಬಡಕಲು ದೆವ್ವ ಗಂಟು ಎತ್ತಿಕೊಂಡು, ಮುಖ ಸಪ್ಪೆ ಮಾಡಿಕೊಂಡು ಜಾಲಿಗಿಡಕ್ಕೆ ಹೋಯಿತು.

ಮೊದಲನೇ ದಿನ ದುಗ್ಗಣ್ಣ ತುದಿಕೊಂಬೆಯಲ್ಲಿ ಉಯ್ಯಾಲೆ ಆಡಿದ. ಎರಡನೇ ದಿನ ಹೊಟ್ಟೆ ಸವರಿ ಸವರಿ ನೋಡಿಕೊಂಡ. ಮೂರನೇ ದಿನ ಮಟಮಟ ಮಧ್ಯಾಹ್ನ ಊರ ಕಡೆಯಿಂದ ಕಲ್ಲಿನ ಸದ್ದು ಬಂತು. ಗರ್ರ್... ನಿಂತಿತು. ಗರ್ರ್... ಮತ್ತೆ ನಿಂತಿತು. ಪದ ಇಲ್ಲ. ಹೊಟ್ಟೆ ಇಳಿದಿದೆ, ಮರ ಸಿಕ್ಕಿದೆ, ಆದರೂ ಯಾಕೋ ಅವನಿಗೆ ಅಳು ಬಂತು. ತುದಿಕೊಂಬೆಯಲ್ಲಿ ಒಬ್ಬನೇ ಕೂತು ಯಾರ ಜೊತೆ ನಗೋದು ಹೇಳಿ?

"ಲೇ ಬಡಕ್ಲು, ಬಾರಯ್ಯ, ಮರ ನಿಂದೇ!" ಅಂತ ಕೂಗಿದವನೇ ಸರ್ರನೆ ಇಳಿದ. ಮುಖ ಗುಡ್ಡದ ಕಡೆ ಮಾಡಿಕೊಂಡು ಊರಿಗೆ ಓಡಿದ.

ಅಜ್ಜಿಯ ಬಾಗಿಲಲ್ಲಿ ಬಂದು ನಿಂತ. ಇಲ್ಲೇ ಇರ್ತೀನಿ ಅನ್ನುವುದಕ್ಕೆ ದೆವ್ವಕ್ಕೂ ನಾಚಿಕೆ ಇರುತ್ತಲ್ಲ. ಉಸಿರೆಳೆದು ಹೊಟ್ಟೆ ಉಬ್ಬಿಸಿಕೊಂಡ.

"ಅಜ್ಜೀ, ನೋಡಜ್ಜಿ, ಇನ್ನೂ ಸ್ವಲ್ಪ ಹೊಟ್ಟೆ ಉಳಿದುಬಿಟ್ಟೈತೆ."

ಅಜ್ಜಿ ಎದ್ದು ಬಂದು ಆ ಹಲಗೆಯಂಥ ಹೊಟ್ಟೆಯನ್ನು ಎರಡು ಬೆರಳಲ್ಲಿ ಹಿಂಡಿ ನೋಡಿದಳು. ಬೆರಳಿಗೆ ಚರ್ಮ ಬಿಟ್ಟು ಏನೂ ಸಿಗಲಿಲ್ಲ.

"ಅಯ್ಯೋ ಶಿವನೇ, ಬೇಕಾದಷ್ಟೈತಲ್ಲೋ ಮಗ! ಇದು ಇಳಿಯೋಕೆ ಇನ್ನೂ ಬಾಳ ವರ್ಷ ಬೇಕು. ಬಾ, ಕೂತ್ಕೋ."

ಅವರ ರಾಗಿ ಹಿಟ್ಟಾಯಿತು, ನನ್ನ ಬಾಯಿ ಒಣಗಿತು. ಕಥೆ ಕೇಳಿದವರು ಯಾರಾದರೂ ಎದ್ದು ಹೋಗಿ ನನಗೊಂದು ಚೊಂಬು ನೀರು ತನ್ನಿ.