ತಳ ಕುಸಿದ ಡಿಕ್ಕಿ

ಹೊಳೆದಂಡೆಯಲ್ಲೊಂದು ಆಶ್ರಮ. ಅಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ, ಒಂದು ಹಳೇ ಫಾರಿನ್ ಕಾರು.

ಗುರುವನ್ನು ಊರವರು ಅಜ್ಜಯ್ಯ ಅನ್ನುತ್ತಿದ್ದರು. ಕಾರು ಅವರು ಬೇಡಿ ತಂದದ್ದಲ್ಲ. ದುಬೈಯಲ್ಲಿದ್ದು ಬಂದ ಭಕ್ತನೊಬ್ಬ ಪಾಪ ಕಳೆಯಲೆಂದು ಬಿಟ್ಟುಹೋದದ್ದು. ಎಂಥ ಪಾಪ, ಯಾರ ಹಿತ್ತಿಲಲ್ಲಿ ಎಂಬುದು ಊರಿಗೆಲ್ಲ ಗೊತ್ತಿತ್ತು. ಅವನ ಹೆಂಡತಿಗೆ ಮಾತ್ರ ಗೊತ್ತಿರಲಿಲ್ಲ.

ಆಚೆ ದಂಡೆಯ ಕುರುಡು ಮಕ್ಕಳ ಶಾಲೆಗೆ ವಾರವಾರವೂ ಆ ಕಾರಲ್ಲೇ ಅಕ್ಕಿ ಹೋಗುತ್ತಿತ್ತು. ಹೇರಿ ಹೇರಿ ಡಿಕ್ಕಿಯ ತಳದ ಹಲಗೆ ಹಳೇ ಹಗ್ಗದ ಮಂಚದ ಹಾಗೆ ನಡುವೆ ಜೋತುಬಿತ್ತು.

ಊರ ಬಾಯಿಗೆ ಅಷ್ಟು ಸಾಕು. ಅಕ್ಕಿ ಹೊತ್ತರೆ ಹಲಗೆ ಹೀಗೆ ಕುಸಿಯುತ್ತದೆಯೇ, ಬಂಗಾರ ಹೊತ್ತು ಕುಸಿದದ್ದು, ಈಗ ಅದೇ ಹಲಗೆಯಡಿ ಬಚ್ಚಿಟ್ಟಿದ್ದಾರೆ ಅಂದರು. ಅಕ್ಕಿ ಕೂಡಿಸಿ ಕೊಡುವ ಕೇರಿಗೆ ರುದ್ರಮ್ಮ ಹಿರಿಯಳು. ಸೋಮವಾರದೊಳಗೆ ತಳ ಎತ್ತಿ ತೋರಿಸದಿದ್ದರೆ ತನ್ನ ಕೇರಿಯಿಂದ ಒಂದು ಕಾಳೂ ಹೊರಡದು ಎಂದು ಆಕೆ ಬಾವಿಕಟ್ಟೆಯ ಹತ್ತಿರ ನಿಂತು ಸಾರಿದಳು.

ಆ ಸೋಮವಾರವೇ ಶಿಷ್ಯ ತೋಂಟಯ್ಯನಿಗೆ ಗದ್ದುಗೆ ಕೊಡುವ ದಿನ. ಹನ್ನೆರಡು ವರ್ಷ ಕಾದವನು. ಒಂದು ಹಲಗೆಯಿಂದ ಅದು ಕೈತಪ್ಪುವುದೇ?

ಕುಸಿದದ್ದರ ಮೇಲೆ ಒಂದು ಪ್ಲೈವುಡ್ ಹಾಕಿದ. ಎರಡೇ ದಿನ, ಅದೂ ಬಾಗಿತು. ಅದರ ಮೇಲೆ ಇನ್ನೊಂದು ಹಾಕಿ, ಜಮಖಾನೆ ಹಾಸಿದ. ನೋಡಲು ಮದುವೆ ಚಪ್ಪರದ ಹಾಗಾಯಿತು. ಜೋತದ್ದು ಮಾತ್ರ ಜೋತೇ ಇತ್ತು.

ಸೋಮವಾರ ಬೆಳಗಾಗುತ್ತಲೇ ರುದ್ರಮ್ಮ ಕೇರಿಯವರನ್ನು ಹೊರಡಿಸಿಕೊಂಡು ಬಂದಳು. ಅಜ್ಜಯ್ಯ ಡಿಕ್ಕಿಯ ಹತ್ತಿರ ಬಂದು ಬಗ್ಗಿ ನೋಡಿದರು.

"ಮೇಲೆ ಎಷ್ಟು ಹಾಕಿದೀಯ?"

"ಮೂರು ಪದರ, ಅಜ್ಜಯ್ಯ."

"ಕೆಳಗೆ ಏನಿದೆ?"

"ಈಚೆಗೆ ನೋಡಿಲ್ಲ."

"ಯಾಕೆ?"

ತೋಂಟಯ್ಯ ಜನರ ಕಡೆ ನೋಡಿದ. ದನಿ ತಗ್ಗಿಸಿದ.

"ಇದ್ದುಬಿಟ್ಟರೆ ಏನು ಮಾಡಲಿ ಅಂತ."

"ಹನ್ನೆರಡು ವರ್ಷದ ಭಕ್ತಿಗೆ ಮೂರು ಪದರ," ಅಂದರು ಅಜ್ಜಯ್ಯ. "ಪರವಾಗಿಲ್ಲ. ಎತ್ತು."

ಜಮಖಾನೆ ಹೋಯಿತು, ಪ್ಲೈವುಡ್ ಹೋಯಿತು, ಕೊನೆಗೆ ಕುಸಿದ ಹಲಗೆಯೂ ಎದ್ದಿತು. ಬಂಗಾರ ಇರಲಿಲ್ಲ. ಒಂದು ಸ್ಟೆಪ್ನಿ ಚಕ್ರ ಮಲಗಿತ್ತು. ಚಕ್ರದ ಹೊಟ್ಟೆ ಖಾಲಿ. ಹಲಗೆಯ ಅಡಿಯಲ್ಲಿ ಮಾತ್ರ ಒಂದು ದುಂಡನೆಯ ಅಚ್ಚು. ಅಲ್ಲಿ ಏನೋ ಒಂದು ಹಲಗೆಗೆ ಆನಿಕೊಂಡು ನಿಂತಿದ್ದ ಗುರುತು.

ಆ ದುಂಡು ತೋಂಟಯ್ಯನಿಗೆ ಗೊತ್ತು.

ಕಾರು ಬಂದ ಹೊಸದರಲ್ಲಿ ತೊಳೆಯುವಾಗ ಈ ಚಕ್ರದ ಹೊಟ್ಟೆಯಲ್ಲೇ ಸಿಕ್ಕಿದ್ದು. ಕರಿ ಸ್ಪಂಜಿನ ದಪ್ಪನೆಯ ಬಿಲ್ಲೆ. ಪ್ಯಾಕಿಂಗ್ ಇರಬೇಕು ಎಂದುಕೊಂಡು ಕೋಣೆಗೆ ಹೊತ್ತಿದ್ದ. ಕೂತರೆ ಮೆತ್ತಗಿತ್ತು. ಅದರ ನಡುವೆ ಜಾಕು ಇಡುವ ಕುಳಿಯಲ್ಲಿ ಅವನ ವಿಭೂತಿ ಗಟ್ಟಿ ಅಳತೆ ಕೊಟ್ಟ ಹಾಗೆ ಕೂತಿತು. ಇದೇನಪ್ಪ ಎಂದು ಯಾರೋ ಕೇಳಿದ್ದಕ್ಕೆ, ಧ್ಯಾನದ ಆಸನ, ದುಬೈ ಭಕ್ತ ನನಗೆಂದೇ ಕಳಿಸಿದ್ದು ಎಂದುಬಿಟ್ಟಿದ್ದ. ಸುಳ್ಳು ಒಂದು ಸಲ ಕೂತರೆ ಏಳುತ್ತದೆಯೇ? ಇವತ್ತು ಗದ್ದುಗೆ ಕೊಡುವುದೂ ಅದರ ಮೇಲೆಯೇ ಎಂದು ಹೂವು ಕಟ್ಟಿಟ್ಟಿದ್ದರು.

ರುದ್ರಮ್ಮ ಅಚ್ಚಿನ ಮೇಲೆ ಬೆರಳಿಟ್ಟಳು.

"ಇಲ್ಲಿದ್ದದ್ದು ಎಲ್ಲಿ ಹೋಯ್ತು ಅಜ್ಜಯ್ಯ? ಸಾಗಿಸಿ ಆಯ್ತಾ?"

ಅಜ್ಜಯ್ಯ ಹೊಳೆಯ ಕಡೆ ನೋಡುತ್ತ ನಿಂತರು. ಇಲ್ಲ ಅನ್ನಲಿಲ್ಲ, ಹೌದು ಅನ್ನಲಿಲ್ಲ. ಜನರಲ್ಲಿ ಗುಸುಗುಸು ಎದ್ದಿತು. ಸುಮ್ಮನಿದ್ದರೆ ಗುರುವಿನ ಹೆಸರು ಹೋಗುತ್ತದೆ, ಮಕ್ಕಳ ಅನ್ನ ಹೋಗುತ್ತದೆ. ಬಾಯಿಬಿಟ್ಟರೆ ತನ್ನದು ಹೋಗುತ್ತದೆ. ತೋಂಟಯ್ಯ ಒಳಗೆ ಹೋದ. ಹೂವು ಕಿತ್ತು, ಬಿಲ್ಲೆಯನ್ನು ತಲೆಯ ಮೇಲೆ ಹೊತ್ತು ತಂದ.

"ಇಲ್ಲಿದ್ದದ್ದು ಇದೇ ರುದ್ರಮ್ಮವ್ವ. ದುಬೈಯಿಂದ ನನಗೆ ಯಾರೂ ಏನೂ ಕಳಿಸಿಲ್ಲ. ಹಲಗೆಯ ಆಸರೆ ನಾನೇ ಕಿತ್ತದ್ದು."

ರುದ್ರಮ್ಮ ಬಿಲ್ಲೆಯನ್ನು ನೋಡಿದಳು, ಅವನನ್ನು ನೋಡಿದಳು.

"ಹೋದ ಅಮಾವಾಸ್ಯೆ ದಿನ ನಾನು ಇದನ್ನ ಮುಟ್ಟಿ ಕಣ್ಣಿಗೊತ್ತಿಕೊಂಡಿದ್ನಲ್ಲೋ. ಸ್ಟೆಪ್ನಿ ದಿಂಬನ್ನ."

ನಗು ಹೊಳೆಯ ಆಚೆ ದಂಡೆಗೂ ಕೇಳಿಸುವ ಹಾಗೆ ಎದ್ದಿತು. ತೋಂಟಯ್ಯ ಅದನ್ನು ನಿಂತು ತಿಂದ. ಆಮೇಲೆ ಬಿಲ್ಲೆಯನ್ನು ಚಕ್ರದ ಹೊಟ್ಟೆಗೆ ಇಳಿಸಿದ. ಬಾಗಿದ ಹಲಗೆಯನ್ನು ಮಗುಚಿ ಹಾಕು, ಗೂನು ಮೇಲೆ ಬರಲಿ ಅಂದರು ಅಜ್ಜಯ್ಯ. ನಾಲ್ಕು ಮೂಟೆ ಅಕ್ಕಿ ಹೇರಿದರು. ಗೂನು ಕೂತು ತಳ ಮಟ್ಟಸವಾಯಿತು.

ರುದ್ರಮ್ಮ ನಿಲ್ಲಲಿಲ್ಲ. ಇಂಥ ಸುದ್ದಿ ಆರಿ ತಣ್ಣಗಾಗಬಾರದಲ್ಲ. ಮುಂದಿನ ವಾರದ ಅಕ್ಕಿ ಬಂದು ಒಯ್ಯಿರಿ ಎಂದು ದಾರಿಯಿಂದಲೇ ಕೂಗಿ ಹೋದಳು.

ಜನ ಕರಗಿದ ಮೇಲೆ ತೋಂಟಯ್ಯ ನೆಲದ ಮೇಲೆ ಕೂತ.

"ನಿಮ್ಮ ಮೇಲೆ ಸಂಶಯಪಟ್ಟೆ. ಜನಕ್ಕೆ ಸುಳ್ಳು ಹೇಳಿದೆ. ಇನ್ನು ಗದ್ದುಗೆ ಮೇಲೆ ಹೇಗೆ ಕೂರಲಿ ಅಜ್ಜಯ್ಯ?"

ಅಜ್ಜಯ್ಯ ಡಿಕ್ಕಿಯ ಬಾಗಿಲನ್ನು ಮೆಲ್ಲಗೆ ಮುಚ್ಚಿದರು.

"ಮೇಲೆ ಕೂರು ಅಂತ ಯಾರಂದರು? ನಾನು ಹುಡುಕ್ತಿದ್ದದ್ದು ಕೆಳಗಿದ್ದು ಹೊರೋನನ್ನ."