ಮರದೊಳಗೆ ನೀರು ಹೊತ್ತವರು

ಜಗತ್ತು ಇನ್ನೂ ಹೊಸದಾಗಿದ್ದ ಕಾಲ. ಬೆಟ್ಟಗಳ ಮೈ ಬಿಸಿ ಆರಿರಲಿಲ್ಲ. ಹೊಳೆಗಳು ಯಾವ ಕಡೆ ಹರಿಯಬೇಕೆಂದು ಗೊತ್ತಿಲ್ಲದೆ ದಾರಿ ಕೇಳಿಕೊಂಡು ಹೋಗುತ್ತಿದ್ದವು. ಆಗ ಮರ ಎನ್ನುವುದೇ ಇರಲಿಲ್ಲ ಮಗು. ಹುಣಸೆ, ಹೊಂಗೆ, ಬೇವು ಎಲ್ಲವೂ ನಿನ್ನ ಮೊಣಕಾಲೆತ್ತರದ ಗಿಡಗಳು.

ಆ ಗಿಡಗಳ ಒಳಗೆ ಜನ ಇದ್ದರು. ಸಾಸಿವೆ ಕಾಳೂ ಬೆಟ್ಟದಂತೆ ಕಾಣುವಷ್ಟು ಸಣ್ಣ ಜನ. ನಿನ್ನ ಶಾಲೆಯ ಪುಸ್ತಕದಲ್ಲಿ ಅವರಿಗೆ ಜೀವಕೋಶ ಎಂದು ಹೆಸರಿಟ್ಟಿದ್ದಾರೆ. ಒಂದೇ ಕೆಲಸದವರು ಒಂದೇ ಕಡೆ ಸೇರಿಕೊಂಡರೆ ಅದಕ್ಕೆ ಅಂಗಾಂಶ ಅನ್ನುತ್ತಾರಂತೆ. ನನ್ನ ಬಾಯಲ್ಲಿ ಆ ಮಾತು ಹೊರಳುವುದಿಲ್ಲ. ನಾನು ಕೇರಿ ಎನ್ನುತ್ತೇನೆ.

ಒಂದು ಹುಣಸೆ ಗಿಡ ಇತ್ತು. ಅದರಲ್ಲಿ ಕೇರಿಗಳಿಗೇನೂ ಕಡಿಮೆ ಇರಲಿಲ್ಲ. ಹೊರಗೆ ಹೆಗಲಿಗೆ ಹೆಗಲು ಕೊಟ್ಟು ನಿಂತವರದು ಸಿಪ್ಪೆ ಕೇರಿ. ಬಿಸಿಲು, ಧೂಳು, ಹುಳುವಿನ ಹಲ್ಲು, ಎಲ್ಲ ಮೊದಲು ತಾಗುತ್ತಿದ್ದುದು ಅವರಿಗೇ. ಒಳಗಿನ ಒಂದು ಹನಿಯನ್ನೂ ಸುಮ್ಮನೆ ಹೊರಗೆ ಬಿಡದ ಜಿಪುಣರು ಅವರು. ಒಳಗೆ ಮೆತ್ತಗೆ ಕೂತವರದು ಹಿಟ್ಟಿನ ಕೇರಿ, ಮಿಕ್ಕ ಊಟವನ್ನೆಲ್ಲ ಹೊಟ್ಟೆಯಲ್ಲಿ ಕಟ್ಟಿಟ್ಟುಕೊಳ್ಳುವುದು ಅವರ ಕೆಲಸ. ನಾರಿನ ಕೇರಿಯವರಂತೂ ಬಾಗುವ ಜಾತಿಯೇ ಅಲ್ಲ. ಗೋಡೆಗೆ ಕಂದು ಗಾರೆ ಮೆತ್ತಿ ಮೆತ್ತಿ, ತಮಗೇ ಒಳಗೆ ಕಾಲು ಚಾಚಲು ಜಾಗವಿಲ್ಲದ ಹಾಗೆ ಮಾಡಿಕೊಂಡಿದ್ದರು. ಗಾಳಿ ಬೀಸಿದಾಗ ಗಿಡ ಬೀಳದಿದ್ದರೆ ಅದು ಅವರಿಂದಲೇ.

ತುತ್ತತುದಿಯಲ್ಲಿ ಎಳೆಯರ ಕೇರಿ. ಅಲ್ಲಿ ಯಾರಿಗೂ ವಯಸ್ಸಾಗುವುದಿಲ್ಲ. ಒಬ್ಬಳು ಇಬ್ಬರಾಗುವುದು, ಇಬ್ಬರು ನಾಲ್ವರಾಗುವುದು, ದಿನಾ ಅದೇ ಆಟ. ಆ ಕೇರಿಯ ಹುಡುಗಿಯ ಹೆಸರು ಕೆಂಪಿ. ಗಿಡ ಎತ್ತರಕ್ಕೆ ಏರುವುದೆಂದರೆ ಕೆಂಪಿ ಬೆಳೆಯುವುದು. ಕೆಂಪಿ ಒಣಗಿದರೆ ಗಿಡ ನಿಂತಲ್ಲೇ ನಿಂತ ಹಾಗೆ.

ಇನ್ನು ಹೊರುವವರ ಕೇರಿ. ಬೇರಿನಿಂದ ನೀರನ್ನು ಮೇಲಕ್ಕೆ ಕೊಡುವವರೂ ಅವರೇ, ಎಲೆಗಳು ಬಿಸಿಲಲ್ಲಿ ಬೇಯಿಸಿದ ಸಿಹಿ ಊಟವನ್ನು ಕೆಳಕ್ಕೆ ತರುವವರೂ ಅವರೇ. ಆ ಕೇರಿಗೆ ಹಿರಿಯಳು ದ್ಯಾವಕ್ಕ. ಅವಳ ಪಕ್ಕದ ಮನೆಯಲ್ಲೇ ಅವಳ ತಂಗಿ ಚೆನ್ನಿ. ದ್ಯಾವಕ್ಕನದು ಮಾತು ಕಡಿಮೆ. ಚೆನ್ನಿಗೆ ಮೂಗಿನ ತುದಿಯಲ್ಲೇ ಕೋಪ.

ನೀರು ಹೊರುವುದು ಹೇಗಿತ್ತು ಗೊತ್ತೆ? ಒಬ್ಬರ ತಲೆಯ ಮೇಲೆ ಒಬ್ಬರ ಮನೆ. ಕೆಳಗಿನವಳು ಕೊಡವನ್ನು ಮೇಲಿನವಳ ಕೈಗೆ ಕೊಡಬೇಕು, ಅವಳು ತನ್ನ ಮೇಲಿನವಳಿಗೆ ಕೊಡಬೇಕು. ಕೈಯಿಂದ ಕೈಗೆ, ಕೈಯಿಂದ ಕೈಗೆ. ಗಿಡ ಮೊಣಕಾಲೆತ್ತರ ಇದ್ದಾಗ ಇದು ಚೆನ್ನಾಗಿಯೇ ನಡೆಯುತ್ತಿತ್ತು.

ತೊಂದರೆ ಶುರುವಾದದ್ದು ಮೇಕೆಯಿಂದ. ಹೊಸ ಜಗತ್ತಿನ ಮೇಕೆಗೂ ಈಗಿನ ಮೇಕೆಯದೇ ಬುದ್ಧಿ, ಸಿಕ್ಕಿದ್ದೆಲ್ಲ ಬಾಯಿಗೆ. ದಿನಾ ಬಂದು ಕುಡಿ ಕಚ್ಚಿ ಹೋಗುತ್ತಿತ್ತು. ಕೆಂಪಿಯ ಅಕ್ಕಂದಿರೆಲ್ಲ ಹಾಗೇ ಹೋದರು. ಕೊನೆಗೆ ಎಲ್ಲ ಕೇರಿಯವರೂ ಸೇರಿ, ಇನ್ನು ಮೇಕೆಯ ಬಾಯಿಗೆ ಎಟುಕದಷ್ಟು ಎತ್ತರ ಹೋಗಬೇಕು, ಇಲ್ಲವಾದರೆ ನಮಗೆ ಉಳಿಗಾಲವಿಲ್ಲ ಎಂದು ತೀರ್ಮಾನ ಮಾಡಿದರು.

ಕೆಂಪಿ ಏರಿದಳು. ಸೊಂಟದೆತ್ತರ ಏರಿದಳು, ಎದೆಯೆತ್ತರ ಏರಿದಳು. ಅಷ್ಟರಲ್ಲಿ ಜಗತ್ತಿನ ಮೊದಲನೆಯ ಬೇಸಿಗೆ ಬಂತು. ಕೆಂಪಿ ಬಾಡಿದಳು.

ನೀರು ಬರುತ್ತಿಲ್ಲ ಎಂದು ಮೇಲಿನಿಂದ ಕೂಗು ಬಂತು. ಕೆಳಗಿನವರು, ಕೊಡ ತುಂಬಿಯೇ ಕಳಿಸುತ್ತಿದ್ದೇವಲ್ಲ ಎಂದರು. ಸುಳ್ಳಲ್ಲ. ಬೇರು ಕೊಡ ತುಂಬಿಯೇ ಕೊಡುತ್ತಿತ್ತು. ನೆಲದಡಿಯ ಒರತೆಯನ್ನು ಕೇಳಿದರೆ ಅದೂ, ನನ್ನ ಹತ್ತಿರ ಬೇಕಾದಷ್ಟಿದೆ, ತಗೊಂಡು ಹೋಗಿ ಎಂದಿತು. ಹಾಗಾದರೆ ನೀರು ಎಲ್ಲಿ ಹೋಯಿತು?

ಕೈ ಬದಲಾಗುವಾಗ ಪ್ರತಿಯೊಬ್ಬಳೂ ಒಂದು ಗುಟುಕು ಕುಡಿಯುತ್ತಿದ್ದಳು. ಒಂದೇ ಗುಟುಕು. ಕಳ್ಳತನ ಅಲ್ಲ ಮಗು, ಬಾಯಾರಿಕೆ. ನಾನೂ ಹಾಸ್ಟೆಲಿನ ಅಡುಗೆಮನೆಗೆ ಇಪ್ಪತ್ತಾರು ವರ್ಷ ನೀರು ಹೊತ್ತವಳು. ಹೊತ್ತವರ ಬಾಯಾರಿಕೆ ಕೂತವರಿಗೆ ತಿಳಿಯುವುದಿಲ್ಲ. ಆದರೆ ಸಾವಿರ ಕೈ, ಸಾವಿರ ಗುಟುಕು. ಕೆಂಪಿಯ ಹತ್ತಿರ ಬರುವ ಹೊತ್ತಿಗೆ ಕೊಡದ ತಳದಲ್ಲಿ ಬರೀ ತೇವ.

ಆಗ ಅವರು ಒಂದು ತಪ್ಪು ಮಾಡಿದರು. ನೀರು ಸಾಲುತ್ತಿಲ್ಲ ಅಂದರೆ ಹೊರುವವರು ಸಾಲುತ್ತಿಲ್ಲ ಎಂದುಕೊಂಡು ಇನ್ನಷ್ಟು ಜನರನ್ನು ಹಾಕಿದರು. ಹತ್ತು ಜನರ ನಡುವೆ ಹಾವು ಸಾಯಲ್ಲ ಅಂತಾರಲ್ಲ, ಹಾಗಾಯಿತು. ಬಂದವರಿಗೂ ಬಾಯಾರಿಕೆ ಇತ್ತು. ಮೊದಲು ತಳದಲ್ಲಿ ತೇವವಾದರೂ ಇರುತ್ತಿತ್ತು, ಈಗ ಅದೂ ಹೋಯಿತು. ಎಲೆಗಳಿಗೆ ಸಿಟ್ಟು ಬಂದು, ಇದು ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು ಎಂದವು. ಆ ಮಾತು ಕೇಳಿ ಹೊರುವವರ ಕೇರಿಯಲ್ಲಿ ಯಾರೂ ಆ ದಿನ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಸ್ವಲ್ಪ ತಡಿ ಮಗು, ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತೇನೆ. ಹಾಂ.

ದ್ಯಾವಕ್ಕ ಒಂದು ದಿನ ಕುಡಿಯದೆಯೇ ಕೊಡ ದಾಟಿಸಿ ನೋಡಿದಳು. ಒಂದು ಕೊಡ ದಾಟಿಸಿದಳು, ಎರಡು ದಾಟಿಸಿದಳು. ಮೂರನೆಯದಕ್ಕೆ ಕಣ್ಣು ಕತ್ತಲೆ ಬಂದು ಕೊಡ ಕೈಬಿಟ್ಟಳು. ಜೀವ ಇರುವ ಮೈ ಕುಡಿಯದೆ ಹೊರಲಾರದು. ಅದು ಅವಳಿಗೆ ಅವತ್ತು ಖಚಿತವಾಯಿತು.

ಮಧ್ಯಾಹ್ನ ಗಾಳಿ ಬಂತು. ದ್ಯಾವಕ್ಕ ಗಾಳಿಯನ್ನು ಕರೆದು, ನೀನಾದರೂ ಒಂದು ಕೈ ಹಿಡಿ, ಮೇಲೆ ಒಂದು ಕೂಸು ಸಾಯುತ್ತಿದೆ ಎಂದಳು.

ಗಾಳಿಗೂ ಬೇಸರ ಬಂದಿತ್ತು. "ನಾನು ದಿನಾ ಎಳೀತಾನೇ ಇದ್ದೀನಿ ದ್ಯಾವಕ್ಕ. ಎಲೆ ಬಾಯಿ ತೆರೆದಾಗೆಲ್ಲ ಮೇಲಿಂದ ಎಳೀತೀನಿ. ಆದ್ರೆ ಮನೆಮನೆಗೂ ನೆಲ ಐತೆ, ಸೂರು ಐತೆ, ನಡುವೆ ನೀವು ಕೊಡ ಹಿಡ್ಕೊಂಡು ನಿಂತಿದ್ದೀರಿ. ದಾರಿ ಬಿಡಿ, ಹೊರೋದೇ ಬೇಕಿಲ್ಲ. ನೀರು ತಾನಾಗೇ ಬರ್ತದೆ."

ದಾರಿ ಬಿಡುವುದು ಅಂದರೆ ಏನೆಂದು ದ್ಯಾವಕ್ಕನಿಗೆ ಅರ್ಥವಾಗಿತ್ತು. ಆ ಮನೆಗಳಲ್ಲಿ ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಮನೆಯೇ ಅವಳ ಮೈ, ಮೈಯೇ ಅವಳ ಮನೆ.

ಅವಳು ನಾರಿನ ಕೇರಿಗೆ ಹೇಳಿ ಕಳಿಸಿ ಕಂದು ಗಾರೆ ತರಿಸಿದಳು. ಗೋಡೆಗೆ ಒಳಗಿನಿಂದ ಬಳೆ ಬಳೆಯಾಗಿ ಮೆತ್ತಿದಳು, ಗಾಳಿ ಎಷ್ಟು ಎಳೆದರೂ ಗೋಡೆ ಕುಸಿಯಬಾರದು ನೋಡು. ಅದನ್ನು ಕಂಡು ಮೇಲಿನವಳು, ಏನು ಮಾಡುತ್ತಿದ್ದೀಯ ಎಂದು ಕೇಳಿದಳು. ದ್ಯಾವಕ್ಕ ಹೇಳಿದಳು. ಮೇಲಿನವಳು ಅತ್ತಳು. ಅತ್ತು, ತನಗೂ ಸ್ವಲ್ಪ ಗಾರೆ ಕೇಳಿದಳು. ಕೆಳಗಿನವಳು ಬೈದಳು. ಬೈದು, ಅವಳೂ ಕೇಳಿದಳು. ಮಾತು ಬೇರಿನವರೆಗೂ ಇಳಿಯಿತು, ಕುಡಿಯ ಹತ್ತಿರದವರೆಗೂ ಏರಿತು. ಎಲ್ಲರೂ ದಣಿದಿದ್ದರು ಮಗು. ದಣಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಚೆನ್ನಿಯೂ ಗಾರೆಗೆ ಕೈ ಹಾಕಿದಳು. ದ್ಯಾವಕ್ಕ ಆ ಕೈ ಹಿಡಿದು ಬೇಡ ಎಂದಳು.

ಚೆನ್ನಿಗೆ ರೇಗಿತು. "ಯಾಕೆ? ನೀನು ಮಲಗ್ತೀಯ, ನಾನೊಬ್ಳೇ ದುಡೀಬೇಕಾ? ನಂಗೂ ಸಾಕಾಗೈತೆ ಕಣಕ್ಕ."

"ಗೊತ್ತು ಕಣೆ. ಆದ್ರೆ ಮೇಲಿಂದ ಊಟ ಕೆಳಕ್ಕೆ ತರೋರು ಯಾರು? ನೀರಿಗೆ ದಾರಿ ಇದ್ರೆ ಸಾಕು, ತಾನೇ ಹೋಯ್ತದೆ. ಊಟ ಹಂಗಲ್ಲ. ಯಾರಿಗೆ ಹಸಿವಾಗೈತೆ ಅಂತ ಕೇಳಿ ಬಡಿಸಬೇಕು. ಬಡಿಸೋಕೆ ಜೀವ ಇರೋ ಕೈಯೇ ಬೇಕು."

"ಹಂಗಾದ್ರೆ ಆ ಜೀವ ನೀನೇ ಇಟ್ಕೋ. ಹಿರೀಳು ನೀನು."

"ನಾನು ದಣಿದಿದ್ದೀನಿ ಚೆನ್ನಿ," ಎಂದಳು ದ್ಯಾವಕ್ಕ. "ನನ್ನದು ಸುಲಭದ ಕೆಲಸ. ನಿಂಗೇ ಕಷ್ಟದ್ದು ಕೊಟ್ಟು ಹೋಯ್ತಾ ಇದ್ದೀನಿ. ಬೈಕೊ."

ಚೆನ್ನಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳು ಮುಖ ತಿರುಗಿಸಿ ಕೂತಳು.

ಅಂದು ಬಿಸಿಲು ಇಳಿಯುವ ಮೊದಲು ದ್ಯಾವಕ್ಕ ನೆಲ ಒಡೆದಳು, ಸೂರು ಒಡೆದಳು. ಮೇಲಿನವಳೂ ಒಡೆದಳು, ಕೆಳಗಿನವಳೂ ಒಡೆದಳು. ಸಾವಿರ ಮನೆ ಹೋಗಿ ಒಂದು ಉದ್ದನೆಯ ಕೊಳವೆಯಾಯಿತು. ಒಳಗಿದ್ದ ಹೆಂಗಸರು ಸದ್ದಿಲ್ಲದೆ ಕರಗಿದರು. ಗೋಡೆಗಳು ಮಾತ್ರ ನಿಂತವು. ಗಾಳಿ ಮೇಲಿನಿಂದ ಎಳೆಯಿತು. ಬೇರಿನ ನೀರು ಎದ್ದು, ಯಾರ ಕೈಗೂ ಸಿಗದೆ, ಯಾರ ಬಾಯಿಗೂ ತಾಗದೆ, ನೆಟ್ಟಗೆ ಕೆಂಪಿಯ ಬಾಯಿಗೆ ಹೋಯಿತು.

ಕೆಂಪಿ ಬದುಕಿದಳು. ಮೇಕೆ ಬಂದು ಕತ್ತು ಚಾಚಿತು, ಹಿಂಗಾಲ ಮೇಲೆ ನಿಂತಿತು, ಎಟುಕದೆ ಹೋಯಿತು. ಅವಳು ಆಳೆತ್ತರ ದಾಟಿದಳು, ಮನೆಯೆತ್ತರ ದಾಟಿದಳು. ಗಿಡವನ್ನು ಎಲ್ಲರೂ ಮರ ಎಂದು ಕರೆಯತೊಡಗಿದರು. ಅಷ್ಟು ಎತ್ತರದ ಭಾರ ಹೊತ್ತು ನಿಂತದ್ದೂ ದ್ಯಾವಕ್ಕನವರ ಆ ಬರೀ ಗೋಡೆಗಳೇ.

ದ್ಯಾವಕ್ಕ ಮಲಗಿದ ಮಾರನೆಯ ಬೆಳಿಗ್ಗೆ ಚೆನ್ನಿ ಊಟ ತರಲು ಮೇಲೆ ಹೋದಳು. ಕೆಂಪಿ ಅವಳನ್ನು ಕಂಡು, ನೀರು ಎಷ್ಟು ತಣ್ಣಗಿದೆ, ಕಳಿಸಿದ ದ್ಯಾವಕ್ಕನಿಗೆ ಹೇಳಬೇಕು, ಎಲ್ಲಿದ್ದಾಳೆ ಎಂದು ಕೇಳಿದಳು.

"ಕೆಳಗೆ ನಿಂತವ್ಳೆ," ಎಂದಳು ಚೆನ್ನಿ. "ನೀನು ಕುಡಿ."

ಅಷ್ಟು ಹೇಳಿ ಊಟ ಹೊತ್ತುಕೊಂಡು ಇಳಿದಳು. ನಾರಿನ ಕೇರಿಗೆ ಬಡಿಸಿದಳು, ಹಿಟ್ಟಿನ ಕೇರಿಗೆ ಬಡಿಸಿದಳು, ಕತ್ತಲೆಯಲ್ಲಿರುವ ಬೇರಿಗೆ ಬಡಿಸಿದಳು. ಬೇರಿಗೆ ತಾನಾಗಿ ಬೇಯಿಸಿಕೊಳ್ಳಲು ಬಿಸಿಲಿಲ್ಲ, ಚೆನ್ನಿ ಒಂದು ದಿನ ಬರದಿದ್ದರೆ ಅದಕ್ಕೆ ಉಪವಾಸ. ಆದ್ದರಿಂದ ಚೆನ್ನಿ ಪ್ರತಿದಿನ ಬಂದಳು. ಗೊಣಗುತ್ತಾ ಬಂದಳು, ಆದರೆ ಬಂದಳು.

ಆಮೇಲೆ ಅಕ್ಕತಂಗಿಯರ ಮನೆಗಳ ನಡುವೆ ಒಂದು ತೆಳ್ಳನೆಯ ಹೆರಿಗೆ ಕೋಣೆ ಆಯಿತು. ಅಲ್ಲಿ ಹೆಣ್ಣುಮಕ್ಕಳು ಹುಟ್ಟುತ್ತಲೇ ಇರುತ್ತಾರೆ. ಒಳಮುಖವಾಗಿ ಹುಟ್ಟಿದವರು ದ್ಯಾವಕ್ಕನ ಪಾಲು, ಅವರು ಗೋಡೆ ಕಟ್ಟಿ ದಾರಿ ಬಿಟ್ಟು ಮಲಗುತ್ತಾರೆ. ಹೊರಮುಖವಾಗಿ ಹುಟ್ಟಿದವರು ಚೆನ್ನಿಯ ಪಾಲು, ಅವರು ಬಡಿಸಲು ಹೋಗುತ್ತಾರೆ. ವರ್ಷ ವರ್ಷ ಹೀಗೆ ಮಲಗಿದವರ ಒಂದೊಂದು ಸುತ್ತು. ಕಡಿದ ದಿಮ್ಮಿಯಲ್ಲಿ ನೀನು ಬೆರಳಿಟ್ಟು ಎಣಿಸುತ್ತೀಯಲ್ಲ, ಆ ಉಂಗುರಗಳೇ ಅವರು. ತೀರಾ ನಡುವಿನ ಹಳಬರು ಈಗ ನೀರನ್ನೂ ಬಿಡುವುದಿಲ್ಲ, ಬಾಗಿಲು ಮುಚ್ಚಿ ಚೇಗು, ಅಂದರೆ ಮರದ ಗಟ್ಟಿ ತಿರುಳು, ಆಗಿದ್ದಾರೆ. ಅವರಷ್ಟು ಗಟ್ಟಿ ನಿದ್ದೆ ನನಗೂ ಒಂದು ದಿನ ಬರಲಿ ಅನ್ನಿಸುತ್ತದೆ.

ಚೆನ್ನಿ ಒಬ್ಬಳೇ ಇಷ್ಟು ವರ್ಷ ಹೇಗೆ ಬದುಕಿರುತ್ತಾಳೆ ಎಂದು ಕೇಳಬೇಡ. ಆ ಮೊದಲ ಚೆನ್ನಿ ಎಂದೋ ಒಣಗಿ ತೊಗಟೆ ಸೇರಿದಳು. ಅವಳ ಮಗಳೂ ಸೇರಿದಳು. ಆದರೆ ಊಟ ಬಡಿಸುವವಳು ಯಾರೇ ಆದರೂ ಅವಳಿಗೆ ಚೆನ್ನಿ ಅಂತಲೇ ಹೆಸರು. ಅದಕ್ಕೇ ಮರದ ಸುತ್ತ ತೊಗಟೆ ಸುಲಿಯಬಾರದು ಎನ್ನುವುದು. ನಡುಮರ ಪೊಳ್ಳಾದರೂ ಮೇಲೆ ಚಿಗುರುತ್ತದೆ, ಸತ್ತವರು ಇನ್ನೊಮ್ಮೆ ಸಾಯುವುದಿಲ್ಲ. ಸುತ್ತಲೂ ಸುಲಿದರೆ ಚೆನ್ನಿಯ ದಾರಿ ಕಡಿಯುತ್ತದೆ. ಕೆಳಗೆ ಬೇರು ಹಸಿದು ಹೋಗುತ್ತದೆ, ಹಿಂದೆಯೇ ಇಡೀ ಮರ ಹೋಗುತ್ತದೆ.

ಇವತ್ತಿಗೂ ಯಾವ ಮರದ ಎಳೆಯ ಕೊಂಬೆಯನ್ನಾದರೂ ಉಗುರಿನಿಂದ ಒಂದಿಷ್ಟು ಕೆರೆದು ನೋಡು, ಒಳಗೆ ಗಟ್ಟಿ ಕಟ್ಟಿಗೆ ಸಿಗುವ ಮೊದಲು ನಿನ್ನ ಬೆರಳಿಗೆ ಹಸಿ ಅಂಟುತ್ತದೆ, ಏಕೆಂದರೆ ಅಕ್ಕ ಮಲಗಿದ್ದಾಳೆ, ತಂಗಿ ಇನ್ನೂ ಮಲಗಿಲ್ಲ.